ದೊಡ್ಡ ಅಳತೆಯ ಮಾದರಿ ರೈಲು ಎಂಜಿನ್‌ಗಳಲ್ಲಿ ಡಿಜಿಟಲ್ ಡಿಕೋಡರ್ ಅಳವಡಿಕೆ

ಡಿಜಿಟಲ್ ಡಿಕೋಡರ್ ಅಳವಡಿಕೆ ಎಂದರೆ ಮಾದರಿ ರೈಲು ಎಂಜಿನ್‌ನ ಒಳಗೆ ಚಿಕ್ಕದೊಂದು ಇಲೆಕ್ಟ್ರಾನಿಕ್ ಫಲಕವನ್ನು ಕೂಡಿಸಿ, ಹಳಿಗಳ ಮೂಲಕ ಬರುವ ಸಂಖ್ಯಾರೂಪದ ಆದೇಶಗಳಿಗೆ ಆ ಎಂಜಿನ್ ಪ್ರತ್ಯೇಕವಾಗಿ ಸ್ಪಂದಿಸುವಂತೆ ಮಾಡುವ ಕ್ರಿಯೆ. ಈ ನಿಯಂತ್ರಣ ಪದ್ಧತಿಯನ್ನು ಡಿಜಿಟಲ್ ಕಮಾಂಡ್ ಕಂಟ್ರೋಲ್, ಸಂಕ್ಷಿಪ್ತವಾಗಿ ಡಿಸಿಸಿ ಎಂದು ಕರೆಯಲಾಗುತ್ತದೆ. ಸಾಂಪ್ರದಾಯಿಕ ನೇರ ವಿದ್ಯುತ್ ಪದ್ಧತಿಯಲ್ಲಿ ಹಳಿಯ ವೋಲ್ಟೇಜ್ ಹೆಚ್ಚಿಸಿದರೆ ಆ ಹಳಿಯ ಮೇಲಿರುವ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಓಡುತ್ತವೆ. ಡಿಸಿಸಿಯಲ್ಲಿ ಪ್ರತಿ ಎಂಜಿನ್‌ಗೂ ತನ್ನದೇ ವಿಳಾಸವಿರುವುದರಿಂದ ಒಂದೇ ಹಳಿಯ ಮೇಲೆ ಹಲವು ಎಂಜಿನ್‌ಗಳನ್ನು ಬೇರೆ ಬೇರೆ ವೇಗ ಹಾಗೂ ದಿಕ್ಕಿನಲ್ಲಿ ನಡೆಸಬಹುದು. ದೊಡ್ಡ ಅಳತೆಯ ಮಾದರಿಗಳಲ್ಲಿ ಈ ಅಳವಡಿಕೆಯ ಮೂಲ ತತ್ತ್ವ ಚಿಕ್ಕ ಮಾದರಿಗಳಂತೆಯೇ ಇದ್ದರೂ, ಹೆಚ್ಚಿನ ವೋಲ್ಟೇಜ್, ಹೆಚ್ಚಿನ ವಿದ್ಯುತ್ ಪ್ರವಾಹ ಮತ್ತು ಹೊರಾಂಗಣ ಬಳಕೆಯ ಕಾರಣ ಕೆಲವು ವಿಶೇಷ ಎಚ್ಚರಿಕೆಗಳು ಅಗತ್ಯವಾಗುತ್ತವೆ.

ದೊಡ್ಡ ಅಳತೆಯ ಮಾದರಿಗಳು

ದೊಡ್ಡ ಅಳತೆ ಎಂಬ ಹೆಸರು ಸಾಮಾನ್ಯವಾಗಿ 45 ಮಿಲಿಮೀಟರ್ ಅಂತರದ ಹಳಿಗಳ ಮೇಲೆ ಓಡುವ ಮಾದರಿಗಳಿಗೆ ಸಲ್ಲುತ್ತದೆ. ಹಳಿಯ ಅಂತರ ಒಂದೇ ಆದರೂ ಮಾದರಿಗಳ ಪ್ರಮಾಣ ಒಂದೇ ಅಲ್ಲ. ಮೀಟರ್ ಗೇಜ್ ರೈಲುಗಳನ್ನು 1:22.5 ಪ್ರಮಾಣದಲ್ಲಿ, ಅಮೆರಿಕದ ಮೂರು ಅಡಿ ಗೇಜ್ ರೈಲುಗಳನ್ನು 1:20.3 ಪ್ರಮಾಣದಲ್ಲಿ, ಸ್ಟ್ಯಾಂಡರ್ಡ್ ಗೇಜ್ ರೈಲುಗಳನ್ನು 1:32 ಅಥವಾ 1:29 ಪ್ರಮಾಣದಲ್ಲಿ ನಿರ್ಮಿಸುವುದು ರೂಢಿ. ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಸಂಸ್ಥೆ 1968ರಲ್ಲಿ ಎಲ್‌ಜಿಬಿ ಹೆಸರಿನಲ್ಲಿ ಇಂತಹ ಮಾದರಿಗಳನ್ನು ಮಾರುಕಟ್ಟೆಗೆ ತಂದ ಬಳಿಕ ಮನೆಯ ತೋಟದಲ್ಲಿ ಹಳಿ ಹಾಸಿ ರೈಲು ಓಡಿಸುವ ಹವ್ಯಾಸ ವ್ಯಾಪಕವಾಯಿತು. ಸ್ವಿಟ್ಜರ್ಲೆಂಡ್‌ನ ರೇಷಿಯನ್ ರೈಲ್ವೆಯಂತಹ ಮೀಟರ್ ಗೇಜ್ ಮಾರ್ಗಗಳ ಎಂಜಿನ್‌ಗಳು ಈ ಶ್ರೇಣಿಯಲ್ಲಿ ಜನಪ್ರಿಯವಾಗಿವೆ. ಎಲ್‌ಜಿಬಿ 2007ರಲ್ಲಿ ಮಾರ್ಕ್ಲಿನ್ ಸಂಸ್ಥೆಯ ಸ್ವಾಧೀನಕ್ಕೆ ಬಂದಿತು.

ಇತಿಹಾಸ

ಡಿಸಿಸಿಯ ಮೂಲ ತಂತ್ರವನ್ನು 1980ರ ದಶಕದಲ್ಲಿ ಜರ್ಮನಿಯ ಲೆನ್ಝ್ ಎಲೆಕ್ಟ್ರಾನಿಕ್ ಸಂಸ್ಥೆ ರೂಪಿಸಿತು. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್, ಅಂದರೆ ಎನ್‌ಎಂಆರ್‌ಎ, 1990ರ ದಶಕದಲ್ಲಿ ಅದನ್ನು ಆಧಾರವಾಗಿಟ್ಟುಕೊಂಡು ಮುಕ್ತ ಮಾನದಂಡವನ್ನು ಪ್ರಕಟಿಸಿತು. ಇದರಿಂದ ಒಂದು ತಯಾರಕರ ನಿಯಂತ್ರಣ ಕೇಂದ್ರದಿಂದ ಮತ್ತೊಬ್ಬ ತಯಾರಕರ ಡಿಕೋಡರನ್ನು ನಡೆಸುವುದು ಸಾಧ್ಯವಾಯಿತು. ಮಾನದಂಡಕ್ಕಿಂತ ಮೊದಲು ತಯಾರಾದ ಅಸಂಖ್ಯ ದೊಡ್ಡ ಎಂಜಿನ್‌ಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ಡಿಕೋಡರ್ ಕೂಡಿಸಲು ಸಿದ್ಧ ಸಾಕೆಟ್ ಇರುವುದಿಲ್ಲ. ಆದ್ದರಿಂದ ಒಳಗಿನ ತಂತಿಗಳನ್ನು ಕಡಿದು ಮರುಜೋಡಿಸಬೇಕಾಗುತ್ತದೆ.

ಸಂಕೇತದ ಸ್ವರೂಪ

ಡಿಸಿಸಿಯಲ್ಲಿ ಹಳಿಗಳಿಗೆ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ. ಆದರೆ ಅದರ ಧ್ರುವೀಯತೆ ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲಾಗುತ್ತಿರುತ್ತದೆ. ಈ ಬದಲಾವಣೆಯ ಅವಧಿಯೇ ಸಂದೇಶವನ್ನು ಹೊರುತ್ತದೆ. ಎರಡೂ ಅರ್ಧಗಳು ತಲಾ 58 ಮೈಕ್ರೋಸೆಕೆಂಡ್ ಇದ್ದರೆ ಅದು ‘1’ ಎಂಬ ಬಿಟ್. ಪ್ರತಿ ಅರ್ಧ ಸುಮಾರು 100 ಮೈಕ್ರೋಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ‘0’. ಇಂತಹ ಬಿಟ್‌ಗಳಿಂದ ರಚಿತವಾದ ಸಂದೇಶದ ಕಟ್ಟಿನಲ್ಲಿ ಪೀಠಿಕೆ, ಎಂಜಿನ್‌ನ ವಿಳಾಸ, ಆದೇಶ ಹಾಗೂ ದೋಷ ಪತ್ತೆಯ ಬೈಟ್ ಇರುತ್ತವೆ. ಡಿಕೋಡರ್ ತನ್ನ ವಿಳಾಸದ ಸಂದೇಶವನ್ನು ಮಾತ್ರ ಪಾಲಿಸಿ ಉಳಿದವನ್ನು ಕಡೆಗಣಿಸುತ್ತದೆ.

ಇದೇ ವಿದ್ಯುತ್ತನ್ನು ಡಿಕೋಡರ್ ಏಕಮುಖ ವಿದ್ಯುತ್ತಾಗಿ ಪರಿವರ್ತಿಸಿಕೊಂಡು, ವೇಗವಾಗಿ ಹಚ್ಚಿ ಆರಿಸುವ ಮಿಡಿತಗಳ ರೂಪದಲ್ಲಿ ಮೋಟಾರಿಗೆ ಕೊಡುತ್ತದೆ. ಮಿಡಿತ ಅಗಲವಾದಷ್ಟೂ ವೇಗ ಹೆಚ್ಚುತ್ತದೆ. ದಿಕ್ಕು ಹಳಿಯ ಧ್ರುವೀಯತೆಯಿಂದಲ್ಲ, ಆದೇಶದಿಂದ ನಿರ್ಧಾರವಾಗುತ್ತದೆ.

ಡಿಕೋಡರ್ ಆಯ್ಕೆ

ಆಯ್ಕೆಯಲ್ಲಿ ಮೊದಲು ಗಮನಿಸಬೇಕಾದುದು ಮೋಟಾರಿನ ಸ್ತಂಭನ ಪ್ರವಾಹ. ಚಕ್ರಗಳು ತಿರುಗದಂತೆ ಸಿಕ್ಕಿಕೊಂಡಾಗ ಮೋಟಾರ್ ಎಳೆದುಕೊಳ್ಳುವ ಗರಿಷ್ಠ ಪ್ರವಾಹವೇ ಇದು. ಹಳಿಯ ವೋಲ್ಟೇಜನ್ನು ಮೋಟಾರ್ ಸುರುಳಿಯ ರೋಧದಿಂದ ಭಾಗಿಸಿದರೆ ಇದರ ಅಂದಾಜು ದೊರೆಯುತ್ತದೆ. ಉದಾಹರಣೆಗೆ, ಹಳಿಯಲ್ಲಿ 20 ವೋಲ್ಟ್ ಇದ್ದು ಸುರುಳಿಯ ರೋಧ 5 ಓಮ್ ಆಗಿದ್ದರೆ ಸ್ತಂಭನ ಪ್ರವಾಹ ಸುಮಾರು 4 ಆಂಪಿಯರ್. ಎರಡು ಮೋಟಾರುಗಳಿರುವ ಎಂಜಿನ್‌ನಲ್ಲಿ ಎರಡರ ಪ್ರವಾಹವನ್ನೂ ಕೂಡಿಸಬೇಕು. ದೀಪ, ಹೊಗೆ ಸಾಧನ ಮತ್ತು ಧ್ವನಿಗೆ ತಗಲುವ ಪ್ರವಾಹ ಇದಕ್ಕೆ ಹೊರತು.

ಡಿಕೋಡರ್‌ಗಳ ವಿವರಪತ್ರದಲ್ಲಿ ನಿರಂತರ ಹಾಗೂ ಕ್ಷಣಿಕ ಎಂಬ ಎರಡು ಮಿತಿಗಳಿರುತ್ತವೆ. ಹೋಲಿಕೆಗೆ ನಿರಂತರ ಮಿತಿಯನ್ನೇ ತೆಗೆದುಕೊಳ್ಳುವುದು ಸುರಕ್ಷಿತ. ಚಿಕ್ಕ ಅಳತೆಯ ಎಂಜಿನ್‌ಗಳಿಗೆಂದು ಮಾಡಿದ ಸುಮಾರು 1 ಆಂಪಿಯರ್ ಮಿತಿಯ ಡಿಕೋಡರ್ ದೊಡ್ಡ ಎಂಜಿನ್‌ನಲ್ಲಿ ಖಾಲಿ ಓಡುವಾಗ ಸರಿಯಾಗಿಯೇ ಕೆಲಸ ಮಾಡಬಹುದು. ಆದರೆ ಏರು ದಾರಿಯಲ್ಲಿ ಉದ್ದನೆಯ ಗಾಡಿಯನ್ನು ಎಳೆಯುವಾಗ ಅದು ಸುಟ್ಟುಹೋಗುವ ಸಂಭವವಿದೆ. ದೊಡ್ಡ ಅಳತೆಯಲ್ಲಿ ಹಳಿಯ ವೋಲ್ಟೇಜ್ ಸಾಮಾನ್ಯವಾಗಿ 18ರಿಂದ 24ರವರೆಗೆ ಇರುವುದರಿಂದ ಡಿಕೋಡರ್ ಆ ವೋಲ್ಟೇಜನ್ನೂ ತಾಳಿಕೊಳ್ಳುವಂತಿರಬೇಕು.

ಮೋಟಾರನ್ನು ಪ್ರತ್ಯೇಕಿಸುವುದು

ಅಳವಡಿಕೆಯ ಅತ್ಯಂತ ಮುಖ್ಯ ಹಂತ ಇದು. ನೇರ ವಿದ್ಯುತ್ ಎಂಜಿನ್‌ನಲ್ಲಿ ಚಕ್ರಗಳು ಹಳಿಯಿಂದ ಪಡೆದ ವಿದ್ಯುತ್ ನೇರವಾಗಿ ಮೋಟಾರಿಗೆ ಹೋಗುತ್ತದೆ. ಡಿಕೋಡರ್ ಇರುವ ಎಂಜಿನ್‌ನಲ್ಲಿ ಚಕ್ರದಿಂದ ಡಿಕೋಡರ್‌ಗೆ, ಡಿಕೋಡರ್‌ನಿಂದ ಮೋಟಾರಿಗೆ ಎಂಬ ಎರಡು ಪ್ರತ್ಯೇಕ ದಾರಿಗಳು ಮಾತ್ರ ಇರಬೇಕು. ಮೋಟಾರಿನ ಎರಡು ತುದಿಗಳಲ್ಲಿ ಯಾವುದಾದರೊಂದು ಹಳಿಯೊಂದಿಗೆ ಅಥವಾ ಹಳಿಗೆ ಸಂಪರ್ಕವಿರುವ ಲೋಹದ ಚೌಕಟ್ಟಿನೊಂದಿಗೆ ತಗಲಿಕೊಂಡಿದ್ದರೆ, ಹಳಿಯ ವಿದ್ಯುತ್ ಡಿಕೋಡರ್‌ನ ಹೊರದಾರಿಯಿಂದ ಒಳನುಗ್ಗಿ ಅದರ ಟ್ರಾನ್ಸಿಸ್ಟರ್‌ಗಳನ್ನು ಕ್ಷಣಾರ್ಧದಲ್ಲಿ ನಾಶಮಾಡಬಲ್ಲದು. ಹೀಗೆ ಹಾಳಾದ ಡಿಕೋಡರ್ ಬಹುಮಟ್ಟಿಗೆ ದುರಸ್ತಿಗೆ ಬಾರದು.

ಹಳೆಯ ಕೆಲವು ಮಾದರಿಗಳಲ್ಲಿ ಚಕ್ರದ ಸಂಪರ್ಕ ಮತ್ತು ಮೋಟಾರ್ ಗೇರ್‌ಪೆಟ್ಟಿಗೆಯ ಒಳಗೇ ಜೋಡಣೆಗೊಂಡಿರುತ್ತವೆ. ಹೊರಗೆ ಕಾಣುವ ತಂತಿಗಳನ್ನಷ್ಟೇ ಕಡಿದರೆ ಅಲ್ಲಿ ಪ್ರತ್ಯೇಕತೆ ಸಾಧಿಸದು. ಗೇರ್‌ಪೆಟ್ಟಿಗೆಯನ್ನು ಬಿಚ್ಚಿ ಒಳಗಿನ ಲೋಹದ ಪಟ್ಟಿಗಳನ್ನು ಬೇರ್ಪಡಿಸಬೇಕಾಗುತ್ತದೆ.

ಪ್ರತ್ಯೇಕತೆಯನ್ನು ಮಲ್ಟಿಮೀಟರ್‌ನಿಂದ ಪರೀಕ್ಷಿಸಲಾಗುತ್ತದೆ. ಮೋಟಾರಿನ ಒಂದೊಂದು ತುದಿಗೂ ಎಡಬದಿಯ ಚಕ್ರ, ಬಲಬದಿಯ ಚಕ್ರ ಹಾಗೂ ಚೌಕಟ್ಟಿಗೂ ನಡುವೆ ಹೀಗೆ ಒಟ್ಟು ಆರು ಬಾರಿ ಅಳೆಯಬೇಕು. ಆರೂ ಬಾರಿ ಸಂಪರ್ಕವಿಲ್ಲವೆಂದು ಮೀಟರ್ ತೋರಿಸಿದ ಮೇಲೆಯೇ ಡಿಕೋಡರ್ ಜೋಡಿಸುವುದು ಸರಿಯಾದ ಕ್ರಮ. ಅಳೆಯುವಾಗ ಚಕ್ರಗಳನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಿದ್ದರೆ ಬಿಟ್ಟುಬಿಟ್ಟು ಉಂಟಾಗುವ ಸಂಪರ್ಕವೂ ಪತ್ತೆಯಾಗುತ್ತದೆ.

ತಂತಿಗಳ ಜೋಡಣೆ

ಎನ್‌ಎಂಆರ್‌ಎ ಶಿಫಾರಸಿನಂತೆ ಡಿಕೋಡರ್ ತಂತಿಗಳ ಬಣ್ಣಗಳು ಹೀಗಿವೆ:

ಕೆಂಪು – ಬಲ ಹಳಿಯಿಂದ ಬರುವ ವಿದ್ಯುತ್
ಕಪ್ಪು – ಎಡ ಹಳಿಯಿಂದ ಬರುವ ವಿದ್ಯುತ್
ಕಿತ್ತಳೆ – ಮೋಟಾರಿನ ಧನ ತುದಿ
ಬೂದು – ಮೋಟಾರಿನ ಋಣ ತುದಿ
ಬಿಳಿ – ಮುಂದಿನ ದೀಪ
ಹಳದಿ – ಹಿಂದಿನ ದೀಪ
ನೀಲಿ – ಎಲ್ಲ ದೀಪಗಳಿಗೂ ಸಾಮಾನ್ಯವಾದ ಧನ ತಂತಿ
ಹಸಿರು, ನೇರಳೆ – ಹೆಚ್ಚುವರಿ ಕಾರ್ಯಗಳು

ದೊಡ್ಡ ಅಳತೆಯ ಹಲವು ಡಿಕೋಡರ್‌ಗಳಲ್ಲಿ ತಂತಿಗಳ ಬದಲು ಸ್ಕ್ರೂ ಬಿಗಿಯುವ ಜೋಡಣೆಯ ತುದಿಗಳಿರುತ್ತವೆ. ಆಗ ಬಣ್ಣಕ್ಕೆ ಬದಲಾಗಿ ತಯಾರಕರ ಕೈಪಿಡಿಯ ಗುರುತುಗಳನ್ನು ಅನುಸರಿಸಬೇಕು. ಬೆಸುಗೆ ಹಾಕಿದ ಪ್ರತಿ ಕೂಡುಜಾಗವನ್ನೂ ಹೀಟ್ ಶ್ರಿಂಕ್ ಕೊಳವೆಯಿಂದ ಮುಚ್ಚಲಾಗುತ್ತದೆ. ಡಿಕೋಡರನ್ನು ಲೋಹದ ಭಾಗಗಳಿಗೆ ತಾಗದಂತೆ, ಆದರೆ ಗಾಳಿಯಾಡುವಂತೆ ಇರಿಸಬೇಕು. ಫಲಕವನ್ನು ಪೂರ್ತಿಯಾಗಿ ಟೇಪಿನಿಂದ ಸುತ್ತಿದರೆ ಶಾಖ ಹೊರಹೋಗದೆ ಡಿಕೋಡರ್ ಬಿಸಿಯಾಗುತ್ತದೆ. ಉಗಿ ಎಂಜಿನ್‌ಗಳಲ್ಲಿ ಬಾಯ್ಲರ್ ಅಥವಾ ಕಲ್ಲಿದ್ದಲಿನ ಟೆಂಡರ್, ಡೀಸೆಲ್ ಎಂಜಿನ್‌ಗಳಲ್ಲಿ ಮೇಲ್ಕವಚದ ಒಳಭಾಗ ಇದಕ್ಕೆ ತಕ್ಕ ಜಾಗ. ಹೊಗೆ ಸಾಧನದ ಪಕ್ಕದ ಜಾಗವನ್ನು ಬಿಡುವುದು ಒಳ್ಳೆಯದು.

ದೀಪಗಳು ಮತ್ತು ಹೊಗೆ ಸಾಧನ

ಹಳೆಯ ಎಂಜಿನ್‌ಗಳಲ್ಲಿ ಕಡಿಮೆ ವೋಲ್ಟೇಜಿನ ಬಲ್ಬುಗಳಿದ್ದರೆ ಅವನ್ನು ನೇರವಾಗಿ ಡಿಕೋಡರ್‌ಗೆ ಜೋಡಿಸುವಂತಿಲ್ಲ. ಎಲ್ಇಡಿ ದೀಪಗಳಿಗೆ ಪ್ರವಾಹವನ್ನು ಮಿತಿಗೊಳಿಸುವ ರೋಧಕ ಕಡ್ಡಾಯ. ನೀಲಿ ತಂತಿಯಲ್ಲಿ 20 ವೋಲ್ಟ್ ಇದ್ದು, ಎಲ್ಇಡಿಗೆ 3 ವೋಲ್ಟ್ ಮತ್ತು 10 ಮಿಲಿ ಆಂಪಿಯರ್ ಬೇಕಾದರೆ, ಉಳಿಯುವ 17 ವೋಲ್ಟನ್ನು 0.01 ಆಂಪಿಯರ್‌ನಿಂದ ಭಾಗಿಸಿದಾಗ 1700 ಓಮ್ ಬರುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ 1800 ಓಮ್ ರೋಧಕ ಇದಕ್ಕೆ ಹೊಂದುತ್ತದೆ. ಅದರಲ್ಲಿ ವ್ಯಯವಾಗುವ ಶಕ್ತಿ ಸುಮಾರು 0.17 ವ್ಯಾಟ್ ಆದ್ದರಿಂದ ಕಾಲು ವ್ಯಾಟ್ ಸಾಮರ್ಥ್ಯದ ರೋಧಕ ಸಾಕು.

ಹೊಗೆ ಸಾಧನ ದೀಪಗಳಿಗಿಂತ ಬಹಳ ಹೆಚ್ಚು ಪ್ರವಾಹ ಎಳೆಯುತ್ತದೆ. ಅದನ್ನು ಜೋಡಿಸುವ ಮೊದಲು ಆ ಹೊರದಾರಿಯ ಮಿತಿಯನ್ನು ಕೈಪಿಡಿಯಲ್ಲಿ ನೋಡಬೇಕು. ಮಿತಿ ಸಾಲದಿದ್ದರೆ ರಿಲೇಯ ಮೂಲಕ ವಿದ್ಯುತ್ ಕೊಡಲಾಗುತ್ತದೆ.

ಧ್ವನಿ

ದೊಡ್ಡ ಎಂಜಿನ್‌ಗಳ ಒಳಗೆ ಸ್ಥಳ ಧಾರಾಳವಾಗಿರುವುದರಿಂದ ಧ್ವನಿ ಡಿಕೋಡರ್‌ಗಳು ಇಲ್ಲಿ ಹೆಚ್ಚು ಸಫಲವಾಗಿವೆ. ಸ್ಪೀಕರ್‌ನ ಹಿಂಬದಿಯನ್ನು ಗಾಳಿ ಸೋರದ ಪೆಟ್ಟಿಗೆಯಿಂದ ಮುಚ್ಚದಿದ್ದರೆ ಮುಂದಿನ ಮತ್ತು ಹಿಂದಿನ ಧ್ವನಿತರಂಗಗಳು ಪರಸ್ಪರ ರದ್ದಾಗಿ ಸದ್ದು ಕ್ಷೀಣವಾಗುತ್ತದೆ. ಸ್ಪೀಕರ್‌ನ ರೋಧ ಡಿಕೋಡರ್ ನಿಗದಿಪಡಿಸಿದ ಕನಿಷ್ಠಕ್ಕಿಂತ ಕಡಿಮೆ ಇರಬಾರದು. ಎರಡು ಸಿಲಿಂಡರ್‌ಗಳ ಉಗಿ ಎಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಉಗಿ ಬಿಡುತ್ತದೆ. ಈ ತಾಳವನ್ನು ಚಕ್ರದ ತಿರುಗುವಿಕೆಗೆ ನಿಖರವಾಗಿ ಹೊಂದಿಸಲು ಅಚ್ಚಿನ ಮೇಲೆ ನಾಲ್ಕು ಚಿಕ್ಕ ಅಯಸ್ಕಾಂತಗಳನ್ನೂ ಅದರ ಬಳಿ ಒಂದು ರೀಡ್ ಸ್ವಿಚ್ಚನ್ನೂ ಇಡುವ ವಾಡಿಕೆಯಿದೆ.

ಪರೀಕ್ಷೆ ಮತ್ತು ಪ್ರೋಗ್ರಾಮಿಂಗ್

ಜೋಡಣೆ ಮುಗಿದ ಎಂಜಿನ್‌ಗೆ ಮೊದಲ ಬಾರಿ ವಿದ್ಯುತ್ ಕೊಡುವುದು ಪ್ರೋಗ್ರಾಮಿಂಗ್ ಹಳಿಯ ಮೇಲೆ. ಇಲ್ಲಿ ಪ್ರವಾಹ ಸೀಮಿತವಾಗಿರುವುದರಿಂದ ಜೋಡಣೆಯಲ್ಲಿ ತಪ್ಪಿದ್ದರೂ ಡಿಕೋಡರ್ ಉಳಿಯುವ ಸಾಧ್ಯತೆ ಹೆಚ್ಚು. ಡಿಕೋಡರ್ ಆದೇಶವನ್ನು ಸ್ವೀಕರಿಸಿತೆಂದು ತಿಳಿಸಲು ಕೆಲವು ಮಿಲಿಸೆಕೆಂಡ್‌ಗಳ ಕಾಲ ಕನಿಷ್ಠ 60 ಮಿಲಿ ಆಂಪಿಯರ್ ಹೆಚ್ಚುವರಿ ಪ್ರವಾಹ ಎಳೆಯುತ್ತದೆ. ನಿಯಂತ್ರಣ ಕೇಂದ್ರ ಅದನ್ನು ಉತ್ತರವೆಂದು ಗ್ರಹಿಸುತ್ತದೆ. ಉತ್ತರ ಬಾರದಿದ್ದರೆ ಎಂಜಿನ್ನನ್ನು ಮುಖ್ಯ ಹಳಿಗೆ ಒಯ್ಯದೆ ತಂತಿಗಳನ್ನು ಮತ್ತೆ ಪರಿಶೀಲಿಸಬೇಕು.

ಡಿಕೋಡರ್‌ನ ನಡವಳಿಕೆಯನ್ನು ಸಿವಿ ಎಂದು ಕರೆಯುವ ಸಂಖ್ಯಾ ಕೋಶಗಳು ನಿರ್ಧರಿಸುತ್ತವೆ. ಸಿವಿ 1 ಚಿಕ್ಕ ವಿಳಾಸ, ಹೊಸ ಡಿಕೋಡರ್‌ನಲ್ಲಿ ಇದರ ಬೆಲೆ 3. ಸಿವಿ 2 ಚಲನೆ ಆರಂಭವಾಗುವ ವೋಲ್ಟೇಜ್, ಸಿವಿ 3 ವೇಗವೃದ್ಧಿ, ಸಿವಿ 4 ವೇಗ ಇಳಿಕೆ, ಸಿವಿ 5 ಗರಿಷ್ಠ ವೇಗ. ಎಂಜಿನ್‌ನ ಮೈಮೇಲೆ ಬರೆದ ನಾಲ್ಕಂಕಿಯ ಸಂಖ್ಯೆಯನ್ನೇ ವಿಳಾಸವಾಗಿಸಲು ಸಿವಿ 17 ಮತ್ತು 18 ಬಳಕೆಯಾಗುತ್ತವೆ. ಉದಾಹರಣೆಗೆ 1234 ಎಂಬ ವಿಳಾಸವನ್ನು 256ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 210. ಭಾಗಲಬ್ಧಕ್ಕೆ 192 ಕೂಡಿಸಿದ 196 ಸಿವಿ 17ಕ್ಕೂ, ಶೇಷ 210 ಸಿವಿ 18ಕ್ಕೂ ಹೋಗುತ್ತದೆ. ಸಿವಿ 29ರಲ್ಲಿ 28 ಅಥವಾ 128 ವೇಗಹಂತಗಳಿಗೆ 2, ನೇರ ವಿದ್ಯುತ್ತಿನಲ್ಲಿಯೂ ಓಡಲು 4, ದೊಡ್ಡ ವಿಳಾಸಕ್ಕೆ 32 ಕೂಡಿಸಲಾಗುತ್ತದೆ. ಮೂರೂ ಬೇಕಾದರೆ ಬೆಲೆ 38.

ಸಾಮಾನ್ಯ ದೋಷಗಳು

ಎಂಜಿನ್ ಹಿಮ್ಮುಖವಾಗಿ ಓಡಿ, ದೀಪಗಳು ಮಾತ್ರ ಸರಿಯಾಗಿ ಉರಿದರೆ ಕಿತ್ತಳೆ ಮತ್ತು ಬೂದು ತಂತಿಗಳು ಅದಲುಬದಲಾಗಿವೆ. ಓಟ ಮತ್ತು ದೀಪ ಎರಡೂ ತಿರುಗುಮುರುಗಾಗಿದ್ದರೆ ತಂತಿ ಮುಟ್ಟದೆ ಸಿವಿ 29ಕ್ಕೆ 1 ಕೂಡಿಸಿದರೆ ಸಾಕು. ಎರಡು ಮೋಟಾರುಗಳ ಎಂಜಿನ್ ಸದ್ದು ಮಾಡಿಯೂ ಚಲಿಸದಿದ್ದರೆ ಒಂದು ಮೋಟಾರ್ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿರಬಹುದು. ನಿಧಾನ ಓಟದಲ್ಲಿ ಎಂಜಿನ್ ಕುಲುಕಿದರೆ ಮೋಟಾರಿನ ಮೇಲಿರುವ, ರೇಡಿಯೋ ಅಡಚಣೆ ತಡೆಯುವ ಕೆಪಾಸಿಟರ್‌ಗಳು ಡಿಕೋಡರ್‌ನ ಮಿಡಿತಗಳಿಗೆ ತೊಡಕಾಗುತ್ತಿರುವುದು ಒಂದು ಕಾರಣ.

ತೋಟದ ಹಿತ್ತಾಳೆ ಹಳಿಗಳ ಮೇಲೆ ಬಿಸಿಲು, ಮಳೆ, ಧೂಳಿನಿಂದ ಪದರ ಕಟ್ಟುತ್ತದೆ. ಇದರಿಂದ ವಿದ್ಯುತ್ ಕ್ಷಣಕಾಲ ಕಡಿದುಹೋದಾಗ ಡಿಕೋಡರ್ ಮರುಆರಂಭಗೊಂಡು ಧ್ವನಿ ನಿಲ್ಲುತ್ತದೆ. ಹೆಚ್ಚಿನ ಚಕ್ರಗಳಿಂದ ವಿದ್ಯುತ್ ಪಡೆಯುವುದು, ಹಳಿಗಳನ್ನು ಆಗಾಗ ಉಜ್ಜುವುದು ಹಾಗೂ ಡಿಕೋಡರ್‌ಗೆ ಶಕ್ತಿ ಸಂಗ್ರಹಿಸುವ ಕೆಪಾಸಿಟರ್ ಜೋಡಿಸುವುದು ಇದಕ್ಕೆ ಪರಿಹಾರಗಳು.

ಪರ್ಯಾಯ ವಿಧಾನ

ಹಳಿಗಳನ್ನು ಶುಚಿಯಾಗಿಡುವುದು ಕಷ್ಟವಾದಲ್ಲಿ ಕೆಲವರು ಎಂಜಿನ್‌ನ ಒಳಗೆ ಬ್ಯಾಟರಿ ಮತ್ತು ರೇಡಿಯೋ ಗ್ರಾಹಕವನ್ನು ಇಟ್ಟು ನಡೆಸುತ್ತಾರೆ. ಇದರಲ್ಲಿ ಹಳಿಗೆ ವಿದ್ಯುತ್ ಬೇಡ. ಆದರೆ ಬ್ಯಾಟರಿಗೆ ಸ್ಥಳ ಬೇಕು, ಓಟದ ಅವಧಿ ಅದರ ಸಾಮರ್ಥ್ಯಕ್ಕೆ ಸೀಮಿತ. ಹಲವು ಎಂಜಿನ್‌ಗಳನ್ನು ಬಹುಕಾಲ ಒಟ್ಟಿಗೆ ಓಡಿಸುವಲ್ಲಿ ಡಿಸಿಸಿ, ಹಳಿ ಉದ್ದವಾಗಿದ್ದು ಎಂಜಿನ್‌ಗಳು ಕೆಲವೇ ಇರುವಲ್ಲಿ ಬ್ಯಾಟರಿ ಹೆಚ್ಚು ಅನುಕೂಲಕರವೆನಿಸುತ್ತವೆ.