ಆಸಕ್ತಿ ಮೊದಲೋ, ಗೆಲುವು ಮೊದಲೋ?

ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯ ಯಾವ ಶಾಲೆಯ ಪೋಷಕರ ಸಭೆಯಲ್ಲಿ ಕುಳಿತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಇವನಿಗೆ ಓದು ಹತ್ತಲ್ಲ ಸಾರ್, ಆಸಕ್ತೀನೇ ಇಲ್ಲ." ಹೇಳುವವರು ಹೊತ್ತು ಹುಟ್ಟುವ ಮುಂಚೆಯೇ ಇಟ್ಟಿಗೆ ಗೂಡಿಗೋ ಹೆಂಚಿನ ಕಾರ್ಖಾನೆಗೋ ಮಾಲೂರಿನ ಕೈಗಾರಿಕಾ ಪ್ರದೇಶಕ್ಕೋ ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವವರು. ಕೇಳಿಸಿಕೊಂಡ ಮೇಷ್ಟ್ರೂ ತಲೆಯಾಡಿಸುತ್ತಾರೆ. ಆಸಕ್ತಿ ಎಂಬುದು ಮಗು ಹುಟ್ಟುವಾಗಲೇ ತಂದ ಸ್ವತ್ತು, ಇದ್ದವರು ಕಲಿಯುತ್ತಾರೆ, ಇಲ್ಲದವರು ಹಿಂದೆ ಬೀಳುತ್ತಾರೆ ಎಂಬ ನಂಬಿಕೆ ಈ ಮಾತಿನ ಬೆನ್ನಿಗಿದೆ. ಈ ಅಧ್ಯಾಯ ಆ ನಂಬಿಕೆಯ ಜೊತೆ ಜಗಳಕ್ಕೆ ನಿಂತಿದೆ.

ಮೊದಲು ಎರಡು ಪದಗಳನ್ನು ಮುಗಿಸಿಬಿಡೋಣ. ಕೆಲಸದ ಸೊಗಸಿಗಾಗಿಯೇ ಕೆಲಸ ಮಾಡಿದರೆ ಅದು ಆಂತರಿಕ ಅಭಿಪ್ರೇರಣೆ. ಬಹುಮಾನ, ಅಂಕ, ಪೆಟ್ಟಿನ ಭಯಕ್ಕೆ ಮಾಡಿದರೆ ಬಾಹ್ಯ ಅಭಿಪ್ರೇರಣೆ. ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಇಬ್ಬರೂ ಮೊದಲನೆಯದಕ್ಕೆ ಮೂರು ಆಹಾರಗಳನ್ನು ಗುರುತಿಸಿದರು: ಇದು ನನ್ನಿಂದ ಆಗುತ್ತದೆ, ಇದರಲ್ಲಿ ನನ್ನ ಮಾತೂ ನಡೆಯುತ್ತದೆ, ಇಲ್ಲಿರುವವರು ನನ್ನವರು. ಮೂರೂ ಮುಖ್ಯ. ಆದರೆ ಹಳ್ಳಿ ಶಾಲೆಯಲ್ಲಿ ಎಲ್ಲಕ್ಕಿಂತ ಮೊದಲು ಸೋರಿಹೋಗುವುದು 'ನನ್ನಿಂದ ಆಗುತ್ತದೆ' ಎಂಬುದು. ಅದು ಸೋರುವ ಜಾಗವನ್ನು ಹತ್ತಿರದಿಂದ ನೋಡಬೇಕು.

ಹತ್ತು ಕೆಂಪು ತಪ್ಪುಗುರುತು

ನಾಲ್ಕನೇ ತರಗತಿ, ದಶಕಸಹಿತ ಕಳೆಯುವ ಲೆಕ್ಕ, ಅಂದರೆ ಹತ್ತರ ಸಾಲಿನಿಂದ ಕಡ ತಂದು ಕಳೆಯುವುದು. 52ರಲ್ಲಿ 38 ಹೋದರೆ? ಹುಡುಗಿ 26 ಎಂದು ಬರೆದಿದ್ದಾಳೆ. 71ರಲ್ಲಿ 45 ಹೋದರೆ 34. 60ರಲ್ಲಿ 27 ಹೋದರೆ 47. ಇವು ಅಡ್ಡಾದಿಡ್ಡಿ ತಪ್ಪುಗಳಲ್ಲ. ಬಿಡಿಯ ಸಾಲಾಗಲಿ ಹತ್ತರ ಸಾಲಾಗಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು ಎಂಬ ತನ್ನದೇ ನಿಯಮವನ್ನು ಆಕೆ ಚಾಚೂ ತಪ್ಪದೆ ಪಾಲಿಸಿದ್ದಾಳೆ. ಕೆಳಗಿನ ತರಗತಿಯಲ್ಲಿ ದಶಕರಹಿತ ಲೆಕ್ಕ ಮಾಡುವಾಗ ಈ ನಿಯಮ ಒಮ್ಮೆಯೂ ಕೈಕೊಟ್ಟಿರಲಿಲ್ಲ! (ಮಕ್ಕಳ ತಪ್ಪುಗಳಲ್ಲಿ ಎಷ್ಟೊಂದು ತರ್ಕವಿರುತ್ತದೆ ಎಂದು ಬೆರಗಾಗದವರು ಮೇಷ್ಟ್ರಾಗಿ ಸುಖಪಡಲಾರರು.)

ಹತ್ತು ಲೆಕ್ಕಕ್ಕೆ ಹತ್ತು ಕೆಂಪು ತಪ್ಪುಗುರುತು ಬಿತ್ತು. ಹತ್ತಕ್ಕೆ ಹತ್ತು ತೆಗೆದ ಪಕ್ಕದವಳು ಪಟ್ಟಷ್ಟೇ ಕಷ್ಟವನ್ನು ಇವಳೂ ಪಟ್ಟಿದ್ದಾಳೆ. ಆ ದಿನ ಅವಳು ಕಲಿತ ಪಾಠ ಒಂದೇ: ಕಷ್ಟಪಟ್ಟರೂ ಅಷ್ಟೆ, ಬಿಟ್ಟರೂ ಅಷ್ಟೆ. ಹನ್ನೊಂದನೇ ಲೆಕ್ಕಕ್ಕೆ ಬಾಯಾರಿಕೆಯಾಗುತ್ತದೆ, ಪೆನ್ಸಿಲ್ ಮೊನೆ ಮುರಿಯುತ್ತದೆ, ಕಣ್ಣು ಪಕ್ಕದ ಪುಸ್ತಕಕ್ಕೆ ಹೋಗುತ್ತದೆ. ನೋಡಿದವರು "ಆಸಕ್ತಿಯಿಲ್ಲ" ಎನ್ನುತ್ತಾರೆ. ಅದು ಕಾರಣವಲ್ಲ, ಪರಿಣಾಮ.

ಇದಕ್ಕೆ ಉಪದೇಶ ಬೇಡ, ಒಂದಷ್ಟು ಕಡ್ಡಿ ಸಾಕು. ಹತ್ತರ ಐದು ಕಟ್ಟು, ಬಿಡಿಯಾಗಿ ಎರಡು. "ಇದರಲ್ಲಿ ಮೂವತ್ತೆಂಟು ಕೊಡಮ್ಮ." ಮೂರು ಕಟ್ಟು ಕೊಟ್ಟಾಯಿತು. ಬಿಡಿ ಎಂಟು ಬೇಕು, ಇರುವುದು ಎರಡೇ. ಸ್ವಲ್ಪ ಹೊತ್ತು ತಡವರಿಸಿ ಆಕೆಯೇ ಒಂದು ಕಟ್ಟಿನ ದಾರ ಬಿಚ್ಚುತ್ತಾಳೆ. ಉಳಿದದ್ದು ಹದಿನಾಲ್ಕು. ಮುಂದಿನ ಲೆಕ್ಕವನ್ನು ಯಾರೂ ಹೇಳದೆ ತಾನೇ ಎಳೆದುಕೊಳ್ಳುತ್ತಾಳೆ. ಆಸಕ್ತಿ ಹುಟ್ಟುವುದು ಇಲ್ಲಿ, ಗೆಲುವಿನ ಬೆನ್ನಿಗೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು ಒಂದೂವರೆ ಸಾವಿರ ಮಕ್ಕಳನ್ನು ಒಂದನೇ ತರಗತಿಯಿಂದ ನಾಲ್ಕನೆಯದರವರೆಗೆ ಗಮನಿಸಿ, 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಗಣಿತ ಚೆನ್ನಾಗಿ ಬಂದ ಮಕ್ಕಳಲ್ಲಿ ಮುಂದೆ ಗಣಿತದ ಒಲವು ಹೆಚ್ಚಿತು. ಮೊದಲೇ ಒಲವಿದ್ದುದರಿಂದ ಮುಂದೆ ಗಣಿತ ಚೆನ್ನಾಗಿ ಬಂದದ್ದು ಮಾತ್ರ ಕಾಣಲಿಲ್ಲ.

ಹೋದವರ್ಷದ ಏಣಿ

ಗೆಲುವಿನ ಬೆನ್ನಿಗೆ ಆಸಕ್ತಿ ಎಂಬ ಈ ಸತ್ಯ ಕರ್ನಾಟಕದ ಶಾಲೆಗಳಿಗೆ ಹೊಸದಲ್ಲ. ಶ್ರೀನಿವಾಸಪುರದ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡು, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ 'ನಲಿ-ಕಲಿ' ಎಂಬ ಕಲಿಕೆಯ ಪದ್ಧತಿ ಆರಂಭವಾಯಿತು. 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಹಾಡು-ಕುಣಿತವೇ ನಲಿ-ಕಲಿ ಎಂದುಕೊಂಡವರು ಬಹಳ. ಅದರ ಜೀವ ಇರುವುದು ಕಲಿಕಾ ಏಣಿಯಲ್ಲಿ. ಮಗು ಒಂದೊಂದೇ ಕಾರ್ಡು ಮುಗಿಸಿ ಮೈಲಿಗಲ್ಲು ದಾಟುತ್ತದೆ. ಅಜ್ಜಿ ಊರಿನ ಜಾತ್ರೆಗೆಂದು ವಾರ ತಪ್ಪಿಸಿಕೊಂಡರೂ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮನೆಯಲ್ಲಿ ತೆಲುಗೋ ತಮಿಳೋ ಆಡಿ ಶಾಲೆಯಲ್ಲಿ ಕನ್ನಡ ಓದುವ ನಮ್ಮ ಗಡಿಸೀಮೆಯ ಮಕ್ಕಳಿಗೆ ಇದು ದೊಡ್ಡ ಉಪಕಾರ. ಆದರೆ ಏಣಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕರಿಂದ ಇಡೀ ತರಗತಿಗೆ ಒಂದೇ ಪುಟ, ಒಂದೇ ವೇಗ. ಆ ಹುಡುಗಿ ಎಡವಿದ್ದೂ ನಾಲ್ಕನೆಯದರಲ್ಲೇ ಎಂಬುದನ್ನು ಗಮನಿಸಿ.

ಸೈಕಲ್ಲಿನ ಆಸೆ

"ಫಸ್ಟ್ ಬಂದರೆ ಸೈಕಲ್ ಕೊಡಿಸ್ತೀನಿ" ಎಂದು ಗೆಲುವಿನ ಬದಲು ಬಹುಮಾನದಿಂದ ಆಸಕ್ತಿ ಹುಟ್ಟಿಸಲು ನೋಡುವ ಅಪ್ಪಂದಿರಿಗೆ 1973ರ ಒಂದು ಪ್ರಯೋಗ ಹೇಳಬೇಕು. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬರೆಯುವುದೆಂದರೆ ಪ್ರಾಣ ಎನ್ನುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಮುಂದೆ ಆ ಮಕ್ಕಳು ತಾವಾಗಿ ಚಿತ್ರ ಬರೆಯುವ ಹೊತ್ತು ಉಳಿದವರದಕ್ಕಿಂತ ಸುಮಾರು ಅರ್ಧಕ್ಕೆ ಇಳಿಯಿತು. ಹೇಳದೆ ಕೊಟ್ಟ ಬಹುಮಾನದಿಂದ ಈ ಕೇಡಾಗಲಿಲ್ಲ. ಹಾಗೆಂದು ಸರ್ಕಾರ 2006-07ರಿಂದ ಎಂಟನೇ ತರಗತಿಯವರಿಗೆ ಕೊಟ್ಟ ಸೈಕಲ್ಲನ್ನು ಇದರ ಜೊತೆ ಸೇರಿಸಿ ಬೈಯಬೇಡಿ. ಅದು ಓದಿದ್ದಕ್ಕೆ ಕೊಟ್ಟ ಕೂಲಿಯಲ್ಲ. ಹಳ್ಳಿಗೂ ಹೈಸ್ಕೂಲಿಗೂ ನಡುವಿನ ದೂರವನ್ನು ಕಳೆದದ್ದು.

ಹೆಸರಿನ ಜೊತೆ ಜಾತಿ

ಕಷ್ಟಪಟ್ಟರೂ ಅಷ್ಟೆ ಎಂಬ ಪಾಠ ಕಲಿಸುವುದು ಕೆಂಪು ಗುರುತೊಂದೇ ಅಲ್ಲ. ಸಂಶೋಧಕರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು-ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿ ಹೇಳದೆ ಕೂರಿಸಿದಾಗ ಕೆಳಜಾತಿಯ ಮಕ್ಕಳು ಮೇಲ್ಜಾತಿಯವರಿಗೆ ಸರಿಸಮ. ಎಲ್ಲರೆದುರು ಹೆಸರಿನೊಂದಿಗೆ ಜಾತಿ ಕೂಗಿ ಕೂರಿಸಿದಾಗ ಕೆಳಜಾತಿಯವರು ಬಿಡಿಸಿದ ಒಗಟುಗಳು ಗಣನೀಯವಾಗಿ ಕುಸಿದವು. ಅವರ ಬುದ್ಧಿ ಎಲ್ಲೂ ಓಡಿಹೋಗಿರಲಿಲ್ಲ. ನ್ಯಾಯವಾಗಿ ಬೆಲೆ ಕಟ್ಟುತ್ತಾರೆಂಬ ಭರವಸೆ ಮಾತ್ರ ಹೋಗಿತ್ತು ಎಂಬುದು ಸಂಶೋಧಕರ ವಿವರಣೆ. ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ಮುನ್ನ ಇದು ನೆನಪಿರಲಿ.

ಇಷ್ಟೆಲ್ಲ ಕೇಳಿದ ಮೇಲೂ "ಛಲ ಇದ್ದವರು ಹೇಗಾದರೂ ಓದ್ತಾರೆ" ಎನ್ನುವವರು ಎಚ್. ನರಸಿಂಹಯ್ಯನವರ ಹೆಸರು ಹೇಳುತ್ತಾರೆ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು (ನಮ್ಮ ಗಡಿಯಾಚೆಯ ತಮಿಳುನಾಡಿನ ಹೊಸೂರಲ್ಲ). 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಭಾಷಣಗಳಲ್ಲಿ ಆ ನಡಿಗೆಯೊಂದೇ ಉಳಿದಿದೆ. ಹುಡುಗ ಓದಬಲ್ಲನೆಂದು ಬಲ್ಲ ಮೇಷ್ಟ್ರೂ ತಂಗಲು ಬಡ ವಿದ್ಯಾರ್ಥಿಗಳ ನಿಲಯವೂ ಅಲ್ಲಿ ಇದ್ದುದನ್ನು ಕತೆಗೆ ಸೇರಿಸಿ ಹೇಳಿದರೆ ಮಕ್ಕಳಿಗೆ ನ್ಯಾಯ.

ಒಟ್ಟು ಹೇಳಬೇಕಾದ್ದು ಇಷ್ಟು: ಮಗುವಿನಲ್ಲಿ ಆಸಕ್ತಿಯನ್ನು ಹುಡುಕುವ ಬದಲು, ಇವತ್ತು ಗೆಲ್ಲಬಹುದಾದ ಒಂದು ಲೆಕ್ಕವನ್ನು ಅದರ ಮುಂದಿಡಬೇಕು. ಆದರೆ ನಾನು ಆಧಾರವೆಂದು ಕೊಟ್ಟ ಅಧ್ಯಯನಗಳೆಲ್ಲ ಕ್ವಿಬೆಕ್, ಅಮೆರಿಕ, ಉತ್ತರ ಪ್ರದೇಶಗಳದು. ತೆಲುಗು ಮನೆಮಾತಿನ ಮಗು ಕನ್ನಡದಲ್ಲಿ ಭಿನ್ನರಾಶಿ ಓದುವಾಗ ಎಲ್ಲಿ ನಿಲ್ಲುತ್ತದೆ, ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದವರ ಮಕ್ಕಳು ನಡುವರ್ಷ ಶಾಲೆ ಸೇರಿದರೆ ಯಾವ ಮೆಟ್ಟಿಲಿನಿಂದ ಆರಂಭಿಸಬೇಕು ಎಂಬುದನ್ನು ಮಾಲೂರು ತಾಲ್ಲೂಕಿನಲ್ಲೇ ಕೂತು ನೋಡಬೇಕು. ಕ್ಲಸ್ಟರ್ ಸಭೆಗೆ ಬರುವ ಮೇಷ್ಟ್ರುಗಳು ಅಂಕಪಟ್ಟಿಯ ಜೊತೆ ಮಕ್ಕಳ ತಪ್ಪುಗಳದೂ ಒಂದು ನೋಟ್‌ಬುಕ್ ತರಲಿ. ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ವಿಷಯ ಹುಡುಕುತ್ತಿರುವ ತರುಣರೇ, ಆ ನೋಟ್‌ಬುಕ್ಕುಗಳು ನಿಮ್ಮ ಕೈಗೆ ಸಿಗಲಿ. ನಾಲ್ಕನೇ ತರಗತಿಯಿಂದ ಶುರುಮಾಡಿ.