ಊರಿಗೆ ಹೋದವರ ಚಟ್ಟಿಗಳು

ಮೇ ತಿಂಗಳ ಬೆಳಿಗ್ಗೆ. ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ ಅಕ್ಕ ಚಾವಿಗಳ ಗೊಂಚಲು ಹಿಡಿದು ಹೊರಟಿದ್ದಾರೆ. ಅದರಲ್ಲಿ ಅವರ ಮನೆಯದ್ದು ಒಂದೇ. ಮಕ್ಕಳಿಗೆ ರಜೆ ಸಿಕ್ಕಿದೆ, ಕರಾವಳಿಯ ಊರಲ್ಲಿ ಒಬ್ಬರಿಗೆ ದೈವದ ನೇಮ, ಇನ್ನೊಬ್ಬರಿಗೆ ಮದುವೆ. ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹಿಡಿಯುವ ಗಡಿಬಿಡಿಯಲ್ಲೂ ಎಲ್ಲರೂ "ಚಟ್ಟಿಗಳನ್ನು ಸ್ವಲ್ಪ ನೋಡಿಕೊಳ್ಳಿ ಅಕ್ಕ" ಎಂದು ಹೇಳಿಯೇ ಹೋಗಿದ್ದಾರೆ.

ಮೇಲಿನ ಮನೆಯ ಬಾಗಿಲು ತೆರೆದರೆ ಮುಚ್ಚಿಟ್ಟ ಕೋಣೆಯ ಸೆಕೆ. ಕಿಟಕಿಯ ಗ್ರಿಲ್ಲಿನೊಳಗೆ ಪೇಂಟ್ ಡಬ್ಬಿ, ಒಡೆದ ಬಕೆಟ್ಟುಗಳಲ್ಲಿ ತುಳಸಿ, ಸಾಂಬ್ರಾಣಿ, ಲೋಳೆಸರ, ಸರಳಿಗೆ ಸುತ್ತಿಕೊಂಡ ಬಸಳೆ. ಮೂಲೆಯಲ್ಲಿ ಶಂಕರಪುರದಿಂದ ತಂದ ಮಲ್ಲಿಗೆ. ಕೊಂಕಣ ರೈಲ್ವೆ 1998ರಲ್ಲಿ ಪೂರ್ಣಗೊಂಡ ಮೇಲೆ ಊರು ಒಂದು ರಾತ್ರಿಯ ಪ್ರಯಾಣವಾಯಿತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆ ದಂಟು ಬಾಡದೆ ಡೊಂಬಿವಲಿಗೆ ತಲುಪುವುದು ಸುಲಭವಾಯಿತು. ಈ ಚಟ್ಟಿಗಳನ್ನು ಬರೀ ಅಲಂಕಾರ ಎನ್ನಲು ನನಗೆ ಮನಸ್ಸಿಲ್ಲ. ಊರಿನ ಮನೆಯಂಗಳ ಇಲ್ಲಿ ಗ್ರಿಲ್ಲಿನ ಅಳತೆಗೆ ಬಂದು ಕೂತಿದೆ.

ಅಕ್ಕ ಮೊದಲು ಚೊಂಬು ಎತ್ತುವುದಿಲ್ಲ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸುತ್ತಾರೆ. ಲೋಳೆಸರದ ಮಣ್ಣು ಒಳಗೆ ತಂಪಾಗಿತ್ತು, ಅದನ್ನು ಬಿಟ್ಟರು. ಬಸಳೆಗೆ ಚೊಂಬಿನ ತುಂಬ ಸಿಕ್ಕಿತು.

"ಎಲೆ ಬಾಡಿದ್ದು ಕಂಡ ಕೂಡ್ಲೆ ನೀರು ಹಾಕ್ಲಿಕ್ಕೆ ಹೋಗ್ಬಾರ್ದು. ಮಧ್ಯಾಹ್ನ ಬಾಡಿದ್ದು ಸಂಜೆಗೆ ತಾನೇ ಏಳ್ತದೆ" ಎಂದರು.

ಅವರು ಹೇಳುವುದು ಸರಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣು ಸದಾ ಕೆಸರಾಗಿದ್ದರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರೆಳೆಯಲಾರದೆ ಎಲೆ ಮತ್ತೆ ಬಾಡುತ್ತದೆ. ಅದನ್ನು ಬಾಯಾರಿಕೆ ಎಂದುಕೊಂಡು ಇನ್ನೊಂದು ಚೊಂಬು ಸುರಿದರೆ ಗಿಡದ ಕತೆ ಮುಗಿಯಿತು. ಪರರ ಗಿಡದ ಮೇಲಿನ ಅತಿಯಾದ ಅಕ್ಕರೆಯೇ ಎಷ್ಟೋ ಸಲ ಅದನ್ನು ಕೊಲ್ಲುತ್ತದೆ. ಊರಿಗೆ ಹೊರಡುವವರು ಬರೀ ಚಾವಿ ಕೊಡಬಾರದು. ಯಾವುದಕ್ಕೆ ದಿನಾ, ಯಾವುದಕ್ಕೆ ವಾರಕ್ಕೊಮ್ಮೆ ಎಂದು ಚಟ್ಟಿಯ ಮುಂದೆ ನಿಂತು ತೋರಿಸಿ ಹೋಗಬೇಕು.

ಬಸಳೆಯ ತುದಿ ಚಿವುಟಿದಷ್ಟೂ ಅದು ಕವಲೊಡೆಯುತ್ತದೆ. ಹಾಗಾಗಿ ನೀರು ಹಾಕುವವರು ಕೊಯ್ದು ಸಾರು ಮಾಡಿಕೊಳ್ಳುವುದು ಇಲ್ಲಿ ಒಪ್ಪಿಕೊಂಡ ರೂಢಿ. ಮಲ್ಲಿಗೆ ಮೊಗ್ಗೂ ಅಷ್ಟೇ, ಈ ತಿಂಗಳು ಅಕ್ಕನ ದೇವರಿಗೆ.

ನೀರು ನಿಧಾನ ಸುರಿಯಬೇಕು. ಗ್ರಿಲ್ಲಿನಿಂದ ಸೋರಿ ಕೆಳಗಿನವರ ಒಣಬಟ್ಟೆಗೆ ಬಿದ್ದರೆ ಜಗಳ ಸೊಸೈಟಿಯ ಮೀಟಿಂಗಿನವರೆಗೆ ಹೋಗುತ್ತದೆ. ಅದಕ್ಕೆಂದು ಇಟ್ಟ ತಟ್ಟೆಗಳಲ್ಲಿ ನೀರು ನಿಂತರೂ ಅಪಾಯವೇ. ಡೆಂಗೆ ಹರಡುವ ಈಡಿಸ್ ಸೊಳ್ಳೆ ವಾರ, ಹತ್ತು ದಿನದೊಳಗೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರುತ್ತದೆ. ಅಕ್ಕ ತಟ್ಟೆ ಚೆಲ್ಲಿ, ಬದಿಗಳನ್ನು ನಾರಿನಿಂದ ತಿಕ್ಕಿದರು. ಮೊಟ್ಟೆ ಅಂಟಿಕೊಳ್ಳುವುದು ಅಲ್ಲೇ.

ಠಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಟವರಿನಲ್ಲಿ ಲೆಕ್ಕ ಬೇರೆ. ಬಿಸಿಲಿಗಿಂತ ಗಾಳಿಯೇ ಚಟ್ಟಿಯನ್ನು ಒಣಗಿಸುತ್ತದೆ. ಅಲ್ಲಿನ ಒಂದು ಮನೆಯಲ್ಲಿ ಚಟ್ಟಿಗಳನ್ನೆಲ್ಲ ಬಾಲ್ಕನಿಯಿಂದ ಹಾಲಿನೊಳಗೆ, ಬೆಳಕು ಬೀಳುವ ಕಡೆ ಒತ್ತೊತ್ತಾಗಿ ಇಟ್ಟು ಹೋಗಿದ್ದರು. ಕಲ್ಯಾಣದಲ್ಲಿ ನೆರೆಯವರ ಪರಿಚಯವೇ ಇಲ್ಲದ ಹೊಸ ಬಾಡಿಗೆಯವರು ಸ್ಟೂಲಿನ ಮೇಲೆ ಬಕೆಟ್ ಇಟ್ಟು, ಅದರಿಂದ ಒಂದೊಂದು ಚಟ್ಟಿಗೆ ಹತ್ತಿಯ ಬತ್ತಿ ಇಳಿಬಿಟ್ಟಿದ್ದರು. ನಾಲ್ಕೈದು ದಿನಕ್ಕೆ ಇದು ಸಾಕು. ಒಂದು ತಿಂಗಳ ರಜೆಗೆ ಮನುಷ್ಯರೇ ಬೇಕು.

ನೆರೂಳಿನ ಸಿಡ್ಕೋ ಕಟ್ಟಡದಲ್ಲಿ ಕಾರ್ಕಳ ಕಡೆಯ ಕುಟುಂಬದ ಚಾವಿ ಇದ್ದದ್ದು ಎದುರುಮನೆಯ ಮರಾಠಿ ಕಾಕು ಬಳಿ. ತುಳಸಿಗೆ ಅವರು ಸ್ನಾನ ಮಾಡಿಯೇ ನೀರೆರೆಯುತ್ತಾರೆ, ಸಂಜೆ ದೀಪವನ್ನೂ ಇಡುತ್ತಾರೆ. ಗಣಪತಿ ಹಬ್ಬಕ್ಕೆ ಕಾಕು ರತ್ನಾಗಿರಿಗೆ ಹೊರಟಾಗ ಅವರ ಚಾವಿ ಈ ಮನೆಗೆ ಬರುತ್ತದೆ. ಆಗ ಮಳೆಗಾಲ, ಗ್ರಿಲ್ಲಿನ ಗಿಡಗಳಿಗೆ ನೀರು ಹಾಕುವ ಕೆಲಸವೇ ಹೆಚ್ಚಿರುವುದಿಲ್ಲ. ತಟ್ಟೆಗಳನ್ನು ಮಾತ್ರ ವಾರಕ್ಕೆರಡು ಸಲ ಚೆಲ್ಲಬೇಕು.