ಸ್ವರ ಮೊದಲು, ಚಿತ್ರ ಆಮೇಲೆ

ಕರಿ ಕೋಟು ತೊಟ್ಟ ಟಾಮ್ ಗತ್ತಿನಿಂದ ವೇದಿಕೆಗೆ ಬಂದು ಪಿಯಾನೋ ಮುಂದೆ ಕೂರುತ್ತಾನೆ. ಅವನು ನುಡಿಸತೊಡಗಿದರೆ ಪಿಯಾನೋ ಒಳಗೆ ಮಲಗಿದ್ದ ಜೆರ್ರಿಗೆ ಪುಟ್ಟ ಸುತ್ತಿಗೆಗಳ ಏಟು ಬೀಳುತ್ತದೆ. 1947ರ ‘ದಿ ಕ್ಯಾಟ್ ಕಾನ್ಸರ್ಟೊ’ ನೋಡಿ ನಗದವರು ಕಡಿಮೆ. ಆದರೆ ಆ ಸಂಗೀತ ಯಾರದು, ಚಿತ್ರದೊಳಗೆ ಅದು ಬಂದದ್ದು ಹೇಗೆ ಎಂದು ಕೇಳಿ ನೋಡಿ, ಬರುವ ಉತ್ತರಗಳಲ್ಲಿ ಎಷ್ಟೋ ತಪ್ಪಾಗಿರುತ್ತವೆ. ಆ ತಪ್ಪುಗಳಿಂದ ಸಂಗೀತ ಕಟ್ಟಿದವರಿಗೂ ಚಿತ್ರ ಬಿಡಿಸಿದವರಿಗೂ ಅನ್ಯಾಯವಾಗುತ್ತದೆ.

ತಪ್ಪು ಕಲ್ಪನೆ: ಕಾರ್ಟೂನ್ ಬಿಡಿಸಿ ಮುಗಿಸಿದ ಮೇಲೆ ಅದಕ್ಕೆ ಹೊಂದುವ ಸಂಗೀತವನ್ನು ಹುಡುಕಿ ಕೂರಿಸುತ್ತಾರೆ.

ಸತ್ಯ: ಶಾಸ್ತ್ರೀಯ ಕೃತಿಯೇ ಚಿತ್ರದ ಜೀವವಾಗಿರುವ ಕಡೆ ನಡೆದದ್ದು ಇದಕ್ಕೆ ತದ್ವಿರುದ್ಧ. ಮೊದಲು ಸಂಗೀತದ ರೆಕಾರ್ಡಿಂಗ್, ಆಮೇಲೆ ಪೆನ್ಸಿಲ್. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಸಂಗೀತದ ನಡೆ ನಿಮಿಷಕ್ಕೆ 120 ಬೀಟ್ ಇದ್ದರೆ ಪ್ರತಿ ಬೀಟ್‌ಗೆ ಸರಿಯಾಗಿ 12 ಫ್ರೇಮ್. ನಡೆ 90ಕ್ಕೆ ಇಳಿದರೆ ಬೀಟ್‌ಗೆ 16 ಫ್ರೇಮ್. ಬಾಗಿಲು ಬಡಿಯುವುದು, ಕಣ್ಣು ಮಿಟುಕಿಸುವುದು, ಬೆಕ್ಕು ಜಾರಿ ಬೀಳುವುದು ಎಲ್ಲವೂ ಎಷ್ಟನೆಯ ಫ್ರೇಮಿನಲ್ಲಿ ಎಂದು ಹಾಳೆಯ ಮೇಲೆ ಲೆಕ್ಕ ಬರೆದಿಟ್ಟುಕೊಂಡು ಕಲಾವಿದರು ಕೆಲಸಕ್ಕೆ ಕೂರುತ್ತಿದ್ದರು. ಯಕ್ಷಗಾನದಲ್ಲಿ ವೇಷಧಾರಿಯ ಹೆಜ್ಜೆ ಮದ್ದಳೆಯ ನುಡಿತಕ್ಕೆ ಬೀಳುವ ಹಾಗೆ ಇಲ್ಲಿ ಗೆರೆ ಸ್ವರಕ್ಕೆ ಬೀಳುತ್ತದೆ. ‘ಕ್ಯಾಟ್ ಕಾನ್ಸರ್ಟೊ’ದ ಲಿಸ್ಟ್ ಕೃತಿಯನ್ನು, ಅಂದರೆ ಎರಡನೆಯ ಹಂಗೇರಿಯನ್ ರ‍್ಯಾಪ್ಸೊಡಿಯನ್ನು, ಬಲ್ಲವರು ಟಾಮ್‌ನ ಬೆರಳುಗಳನ್ನೊಮ್ಮೆ ಗಮನಿಸಿ. ಅವು ಅಡ್ಡಾದಿಡ್ಡಿ ಓಡುವುದಿಲ್ಲ. ಸ್ವರ ಮೇಲೇರಿದರೆ ಕೈ ಬಲಕ್ಕೆ ಸರಿಯುತ್ತದೆ, ಕೆಳಗಿಳಿದರೆ ಎಡಕ್ಕೆ. ಕೈಯಿಂದ ಬಿಡಿಸಿದ ಒಂದು ಬೆಕ್ಕಿಗೆ ಇಷ್ಟು ನಿಷ್ಠೆ ಕೊಟ್ಟವರನ್ನು ಕಂಡರೆ ನನಗೆ ಅಪಾರ ಗೌರವ.

ಎಲ್ಲ ಕಾರ್ಟೂನುಗಳಲ್ಲೂ ರೆಕಾರ್ಡಿಂಗ್ ಮೊದಲೇ ಆಗುತ್ತಿತ್ತು ಎಂದಲ್ಲ. ಎಷ್ಟೋ ಕಿರುಚಿತ್ರಗಳಲ್ಲಿ ವಾದ್ಯವೃಂದ ಕೊನೆಗೆ ನುಡಿಸುತ್ತಿತ್ತು. ಆದರೆ ನಡೆಯ ಲೆಕ್ಕವನ್ನು ಅಲ್ಲೂ ಚಿತ್ರ ಬಿಡಿಸುವ ಮೊದಲೇ ನಿಗದಿ ಮಾಡಿರುತ್ತಿದ್ದರು.

ತಪ್ಪು ಕಲ್ಪನೆ: ಹಳೆಯ ಶಾಸ್ತ್ರೀಯ ಸಂಗೀತ ಪುಕ್ಕಟೆ, ಅದಕ್ಕೇ ಬಳಸಿದರು.

ಸತ್ಯ: ಇದರಲ್ಲಿ ಸ್ವಲ್ಪ ಹುರುಳಿದೆ. ಬೇಥೋವನ್, ಬಾಖ್, ಶೂಬರ್ಟ್ ಕೃತಿಗಳಿಗೆ ಯಾರಿಗೂ ಹಣ ಕೊಡಬೇಕಿರಲಿಲ್ಲ. ಆದರೆ 1940ರ ‘ಫ್ಯಾಂಟೇಸಿಯಾ’ ಚಿತ್ರಕ್ಕೆ ಬೇಕಾದ, ಸಂಗೀತಕಾರ ದ್ಯೂಕಾನ ಕೃತಿಯ ಹಕ್ಕನ್ನು ಡಿಸ್ನಿ ಸಂಸ್ಥೆ ಹಣ ತೆತ್ತು ಪಡೆಯಿತು. ಆಗ ಬದುಕಿದ್ದ ಸ್ಟ್ರವಿನ್‌ಸ್ಕಿಗೂ ಹಣ ಸಂದಿತು. ನಿಜವಾದ ಕಾರಣ ಸಿಗುವುದು ಮೂಕಿ ಚಿತ್ರಗಳ ಕಾಲದಲ್ಲಿ. ಡಿಸ್ನಿಯ ಮೊದಮೊದಲ ಚಿತ್ರಗಳಿಗೆ, ಮುಂದೆ 1936ರಿಂದ ವಾರ್ನರ್ ಬ್ರದರ್ಸ್ ಕಾರ್ಟೂನುಗಳಿಗೆ ಸಂಗೀತ ಕೊಟ್ಟ ಕಾರ್ಲ್ ಸ್ಟಾಲಿಂಗ್, ಅದಕ್ಕೂ ಮುಂಚೆ ಕಾನ್ಸಾಸ್ ಸಿಟಿಯ ಚಿತ್ರಮಂದಿರಗಳಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದವರು. ಬಿರುಗಾಳಿಗೆ ಇದು, ಬೆಳಗಿಗೆ ಇದು, ಬೆನ್ನಟ್ಟುವುದಕ್ಕೆ ಇದು ಎಂದು ಶಾಸ್ತ್ರೀಯ ತುಣುಕುಗಳು ಅವರ ಬೆರಳ ತುದಿಯಲ್ಲಿದ್ದವು. ಪ್ರೇಕ್ಷಕರ ಕಿವಿಯಲ್ಲೂ ಅವೇ ಕೂತಿದ್ದವು. ನಾಲ್ಕು ಸ್ವರ ನುಡಿಸಿದರೆ ಸಾಕು, ಏನಾಗಲಿದೆ ಎಂದು ಜನಕ್ಕೆ ತಿಳಿಯುತ್ತಿತ್ತು. ಏಳು ನಿಮಿಷದ ಚಿತ್ರಕ್ಕೆ ಇದಕ್ಕಿಂತ ಚುರುಕಾದ ಉಪಾಯ ಇನ್ನೇನಿದೆ?

ಸ್ಟಾಲಿಂಗ್ ವಿಚಾರದಲ್ಲೇ ಇನ್ನೊಂದು ತಪ್ಪು. 1929ರ ‘ದಿ ಸ್ಕೆಲಿಟನ್ ಡಾನ್ಸ್’ನಲ್ಲಿ ಕುಣಿಯುವ ಅಸ್ಥಿಪಂಜರಗಳಿಗೆ ಸೇಂಟ್-ಸೇನ್ಸ್‌ನ ‘ದಾನ್ಸ್ ಮಕಾಬ್ರ್’ ಹಿನ್ನೆಲೆ ಎಂದು ಬಹಳ ಜನ ಹೇಳುತ್ತಾರೆ. ಅಲ್ಲ. ಅದು ಸ್ಟಾಲಿಂಗ್ ಅವರದೇ ರಚನೆ, ನಡುವೆ ನಾರ್ವೆಯ ಗ್ರೀಗ್‌ನ ಒಂದು ಮೆರವಣಿಗೆಯ ಮಟ್ಟು ಬರುತ್ತದೆ.

ತಪ್ಪು ಕಲ್ಪನೆ: ‘ಟಾಮ್ ಅಂಡ್ ಜೆರ್ರಿ’ಯ ಸಂಗೀತವೆಲ್ಲ ಹಳೆಯ ಕೃತಿಗಳಿಂದ ಎತ್ತಿದ್ದು.

ಸತ್ಯ: ಸ್ಕಾಟ್ ಬ್ರಾಡ್ಲಿ ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದಿರುವುದು ನನಗೆ ನೋವಿನ ಸಂಗತಿ. ಎಂಜಿಎಂ ಸಂಸ್ಥೆ ತಯಾರಿಸಿದ ಹಳೆಯ ‘ಟಾಮ್ ಅಂಡ್ ಜೆರ್ರಿ’ ಚಿತ್ರಗಳ ಸಂಗೀತದಲ್ಲಿ ಬಹುಪಾಲು ಅವರು ಆಯಾ ಚಿತ್ರಕ್ಕೆಂದೇ ಹೊಸದಾಗಿ ಬರೆದದ್ದು. ಲಿಸ್ಟ್ ಅಥವಾ ಸ್ಟ್ರಾಸ್ ಮುಖ್ಯವಾಗಿರುವ ಚಿತ್ರಗಳು ಬೆರಳೆಣಿಕೆಯವು. ಇಪ್ಪತ್ತನೆಯ ಶತಮಾನದಲ್ಲಿ ಶೋನ್‌ಬರ್ಗ್ ರೂಪಿಸಿದ ಹನ್ನೆರಡು ಸ್ವರಗಳ ಪದ್ಧತಿ ಸಂಗೀತ ಸಭೆಗಳಲ್ಲೇ ಕೇಳುಗರನ್ನು ಕಂಗೆಡಿಸುತ್ತಿತ್ತು. ಬ್ರಾಡ್ಲಿ ಅದನ್ನು 1944ರ ‘ಪುಟ್ಟಿನ್ ಆನ್ ದಿ ಡಾಗ್’ನಲ್ಲಿ ಬಳಸಿದರು. ನಾಯಿಯ ತಲೆಯ ಬೊಂಬೆಯೊಳಗೆ ಹೊಕ್ಕ ಜೆರ್ರಿ ಓಡಾಡುವಾಗ ಕೇಳುವುದು ಅದೇ. ನೋಡುವವರು ನಕ್ಕರು, ಯಾರೂ ಎದ್ದು ಹೋಗಲಿಲ್ಲ.

ತಪ್ಪು ಕಲ್ಪನೆ: ತೆರೆಯ ಮೇಲೆ ಕಾಣುವುದೇ ಸಂಗೀತಗಾರನ ಮನಸ್ಸಿನಲ್ಲಿದ್ದ ಕಥೆ.

ಸತ್ಯ: ‘ಫ್ಯಾಂಟೇಸಿಯಾ’ದಲ್ಲಿ ಒಂದು ಕಡೆ ಮಾತ್ರ ಇದು ಪೂರ್ತಿ ನಿಜ. ಮಿಕ್ಕಿ ಮೌಸ್ ಮಂತ್ರ ಹಾಕಿ ಪೊರಕೆಗೆ ನೀರು ಹೊರಿಸುವ ಕಥೆ ಡಿಸ್ನಿಯದಲ್ಲ, ದ್ಯೂಕಾನದೂ ಅಲ್ಲ. ಅದು 1797ರಲ್ಲಿ ಗೊಯಟೆ ಬರೆದ ಕಥನಕವನ. ನೂರು ವರ್ಷದ ಮೇಲೆ, 1897ರಲ್ಲಿ, ದ್ಯೂಕಾ ಆ ಕವನವನ್ನೇ ಸಂಗೀತದಲ್ಲಿ ಹೇಳಿದ. ಹೀಗಾಗಿ ನೀರು ಏರುವ ಕಡೆ ಸಂಗೀತವೂ ಏರುತ್ತದೆ.

ಬೇಥೋವನ್‌ನ ‘ಪ್ಯಾಸ್ಟೊರಲ್’ ಸಿಂಫನಿಯ ಕಥೆಯೇ ಬೇರೆ. ಅಲ್ಲಿ ಬರುವ ಅರ್ಧ ಕುದುರೆ ಅರ್ಧ ಮನುಷ್ಯರ ಗ್ರೀಕ್ ಲೋಕ ಹುಟ್ಟಿದ್ದು ಫ್ರಾನ್ಸಿನ ಪಿಯರ್ನೆ ರಚಿಸಿದ ಒಂದು ಬ್ಯಾಲೆ ಸಂಗೀತಕ್ಕಾಗಿ. ಆ ಸಂಗೀತ ಸಾಲದೆನಿಸಿದಾಗ ಡಿಸ್ನಿ ಅದನ್ನು ಬಿಟ್ಟು ಬೇಥೋವನ್‌ನನ್ನು ತಂದರು. ಬೇಥೋವನ್ ಕಂಡದ್ದು ಹಳ್ಳಿ, ತೊರೆ, ಗುಡುಗು ಮಳೆ. ಸಿಂಫನಿಯ ಹೆಚ್ಚುಕಡಿಮೆ ಅರ್ಧದಷ್ಟು ಭಾಗಕ್ಕೆ ಕತ್ತರಿಯೂ ಬಿತ್ತು. ಚಿತ್ರದ ಬಣ್ಣ ಎಷ್ಟೇ ಚೆಂದವಿರಲಿ, ಈ ಭಾಗದಲ್ಲಿ ಸಂಗೀತ ಬಾಡಿಗೆಗೆ ಬಂದಂತಿದೆ ಎಂದೇ ನನ್ನ ಅಭಿಪ್ರಾಯ.

ಸ್ಟ್ರವಿನ್‌ಸ್ಕಿಯ 1913ರ ‘ದಿ ರೈಟ್ ಆಫ್ ಸ್ಪ್ರಿಂಗ್’ನಲ್ಲಿದ್ದದ್ದು ಪ್ರಾಚೀನ ರಷ್ಯಾದ ಬಲಿಯಾಚರಣೆ, ಸಾಯುವ ತನಕ ಕುಣಿಯುವ ಹುಡುಗಿ. ಡಿಸ್ನಿ ಅಲ್ಲಿ ಜ್ವಾಲಾಮುಖಿಗಳನ್ನೂ ಡೈನೋಸಾರ್‌ಗಳನ್ನೂ ತಂದರು, ಭಾಗಗಳ ಅನುಕ್ರಮವನ್ನೂ ಬದಲಿಸಿದರು. ಆರಂಭದ ಬಸೂನ್ ಸ್ವರಗಳು ಚಿತ್ರದ ಕೊನೆಗೆ ಮತ್ತೆ ಬರುತ್ತವೆ. ಮೂಲ ಕೃತಿ ಹಾಗೆ ಮುಗಿಯುವುದಿಲ್ಲ. ಸ್ಟ್ರವಿನ್‌ಸ್ಕಿ ಮುಂದೆ ಬಹಿರಂಗವಾಗಿಯೇ ಕಿಡಿಕಾರಿದರು, ಅವರ ಸಿಟ್ಟಿಗೆ ಕಾರಣವಿತ್ತು. ಆದರೆ ಭೂಮಿ ಕುದಿದು ಆರುವ ಆ ದೃಶ್ಯಗಳು ಆ ಕೃತಿಯ ಒರಟು ಲಯವನ್ನು ಲಕ್ಷಾಂತರ ಕಿವಿಗಳಿಗೆ ಮೊದಲ ಸಲ ಮುಟ್ಟಿಸಿದವು ಎನ್ನುವುದನ್ನೂ ಒಪ್ಪಬೇಕು.

ತಪ್ಪು ಕಲ್ಪನೆ: ಬಗ್ಸ್ ಬನ್ನಿಯ ‘ವಾಟ್ಸ್ ಆಪೆರಾ, ಡಾಕ್?’ ವಾಗ್ನರ್‌ನ ‘ರಿಂಗ್’ ಆಪೆರಾಗಳ ಅಣಕ.

ಸತ್ಯ: ಬೇಟೆಗಾರ ಎಲ್ಮರ್ ಫಡ್ ಈಟಿ ಹಿಡಿದು ಅಬ್ಬರಿಸುವ ಮಟ್ಟು ‘ರಿಂಗ್’ನದು, ನಿಜ. ಆದರೆ 1957ರ ಈ ಚಿತ್ರದ ಆರಂಭದ ಬಿರುಗಾಳಿ ‘ಫ್ಲೈಯಿಂಗ್ ಡಚ್‌ಮನ್’ನಿಂದ ಬಂದದ್ದು, ಬಗ್ಸ್ ಮತ್ತು ಎಲ್ಮರ್ ಹಾಡುವ ಪ್ರೇಮಗೀತೆಯ ಮಟ್ಟು, ನೃತ್ಯದ ಸಂಗೀತ ‘ಟಾನ್‌ಹಾಯ್ಸರ್’ನಿಂದ. ಸಂಗೀತ ನಿರ್ದೇಶಕ ಮಿಲ್ಟ್ ಫ್ರಾಂಕ್ಲಿನ್ ವಾಗ್ನರ್‌ನ ಬೇರೆ ಬೇರೆ ಆಪೆರಾಗಳನ್ನು ಹೆಣೆದು ಏಳು ನಿಮಿಷಕ್ಕೆ ಇಳಿಸಿದರು, ಮತ್ತು ಒಂದು ಹೊಲಿಗೆಯೂ ಕಾಣುವುದಿಲ್ಲ.